ಹಿನ್ನೀರಿನ ದೋಣಿಗೆ ಯಾವ ಮೋಟಾರು? ಮೊದಲು ಇಂಧನ ನೋಡಿ, ಆಮೇಲೆ ಎಚ್‌ಪಿ

ಹೇಮಾವತಿಯ ಗೊರೂರು ಹಿನ್ನೀರಿನ ಪಕ್ಕ ಹೋಮ್‌ಸ್ಟೇ ಇಟ್ಟವರು, ಬೇಲೂರಿನ ಯಗಚಿಯಲ್ಲಿ ಬಲೆ ಹಾಕುವವರು, ಮೂಡಿಗೆರೆ ಕಡೆ ತೋಟದೊಳಗೆ ದೊಡ್ಡ ಕೆರೆ ಇರುವವರು. ಮೂರೂ ಕಡೆಯಿಂದ ಬರುವ ಪ್ರಶ್ನೆ ಒಂದೇ. ದೋಣಿಗೆ ಚಿಕ್ಕ ಔಟ್‌ಬೋರ್ಡ್ ಮೋಟಾರು, ಅಂದರೆ ಹಿಂಬದಿಯ ಹಲಗೆಗೆ ಹೊರಗಿನಿಂದ ಸಿಕ್ಕಿಸುವ ಮೋಟಾರು, ಹಾಕಬೇಕು, ಯಾವುದು ತಗೊಳ್ಳಲಿ? ಅದರ ಬೆನ್ನಿಗೇ ಇನ್ನೊಂದು: ಐದು ಎಚ್‌ಪಿ ಸಾಕಾ, ಹತ್ತು ಬೇಕಾ?

ನಾನು ಎಚ್‌ಪಿಯಿಂದ ಶುರು ಮಾಡುವುದಿಲ್ಲ. ವರ್ಷದಲ್ಲಿ ಎಷ್ಟು ದಿನ ಓಡಿಸುತ್ತೀರಿ, ಇಂಧನ ಎಲ್ಲಿಂದ ತರುತ್ತೀರಿ, ತಂದದ್ದು ಎಷ್ಟು ದಿನ ಕ್ಯಾನಿನಲ್ಲಿ ಕೂರುತ್ತದೆ ಎಂದು ಕೇಳುತ್ತೇನೆ. ನಮ್ಮ ಕಡೆ ಚಿಕ್ಕ ಮೋಟಾರುಗಳು ಓಡಿ ಓಡಿ ಸವೆಯುವುದು ಕಡಿಮೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತು, ಒಳಗೆ ಉಳಿದ ಪೆಟ್ರೋಲ್ ಕೆಟ್ಟು ಹಾಳಾಗುವುದೇ ಜಾಸ್ತಿ. ಮಲ್ಪೆ, ಗಂಗೊಳ್ಳಿ ಕಡೆಯವರು ಕೊಡುವ ಸಲಹೆ ಇಲ್ಲಿ ಪೂರ್ತಿ ಹೊಂದದಿರುವುದು ಅದಕ್ಕೇ. ಅಲ್ಲಿ ಸೀಸನ್ನಿನಲ್ಲಿ ಇಂಜಿನ್ನು ದಿನಾ ಓಡುತ್ತದೆ, ಟ್ಯಾಂಕು ದಿನಾ ಖಾಲಿಯಾಗುತ್ತದೆ. ಇಲ್ಲಿ ವಾರಕ್ಕೊಮ್ಮೆ ಓಡಿದರೆ ಹೆಚ್ಚು.

ಅಳೆಯಬೇಕಾದದ್ದು ಏನೇನು

ಮೊದಲನೆಯದು ಈಗ ಹೇಳಿದ ಬಳಕೆಯ ದಿನಗಳು. ಎರಡನೆಯದು ನೀರು. ಹೇಮಾವತಿ ಮತ್ತು ಭದ್ರಾ ಹಿನ್ನೀರು ಬಯಲಿನಂತೆ ತೆರೆದಿವೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಅಲೆ ಏಳುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಮರಗಳ ಬುಡ ಮೇಲೆ ಬರುತ್ತದೆ, ದಡದ ಹತ್ತಿರ ಬರೀ ಕೆಸರು. ತೋಟದ ಕೆರೆಗೆ ಈ ತಾಪತ್ರಯ ಇಲ್ಲ. ಆದರೆ ಅಲ್ಲಿ ಕಳೆ, ಅಂತರಗಂಗೆ ಇರುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದ ಮೇಲೆ ಆಳವೂ ಉಳಿಯುವುದಿಲ್ಲ.

ಮೂರನೆಯದು ತೂಕ. ದೋಣಿ, ಜನ, ಸಾಮಾನು ಎಲ್ಲ ಸೇರಿ ಎಷ್ಟು ಕಿಲೋ? ಮತ್ತೆ, ಮೋಟಾರನ್ನು ಮನೆಯಿಂದ ದಡಕ್ಕೆ ಹೊರುವವರು ಯಾರು? ಹಿನ್ನೀರು ಇಳಿದಾಗ ದಡ ಅರ್ಧ ಕಿಲೋಮೀಟರ್ ಹಿಂದೆ ಸರಿದಿರುತ್ತದೆ. ಇಪ್ಪತ್ತು ಕಿಲೋ ಒಬ್ಬರು ಹೊರಬಹುದು. ನಲವತ್ತಾದರೆ ಇಬ್ಬರು ಬೇಕು.

ನಾಲ್ಕನೆಯದು ರಿಪೇರಿ. ಹಾಸನದಲ್ಲಿ ಬೈಕು, ಪಂಪ್‌ಸೆಟ್ಟು ಬಿಚ್ಚುವ ಮೆಕ್ಯಾನಿಕ್ಕುಗಳಿಗೆ ಬರವಿಲ್ಲ. ಔಟ್‌ಬೋರ್ಡಿನ ಇಂಪೆಲ್ಲರ್ (ತಣಿಸುವ ನೀರನ್ನು ಎಳೆಯುವ ಪಂಪಿನ ಚಕ್ರ), ಗೇರ್‌ಬಾಕ್ಸ್ ಸೀಲು ಮಾತ್ರ ಮಂಗಳೂರು, ಉಡುಪಿ ಕಡೆಯಿಂದಲೋ ಬೆಂಗಳೂರಿನಿಂದಲೋ ಬರಬೇಕು. ಐದನೆಯದು ದುಡ್ಡು. ಕೊಳ್ಳುವ ದಿನದ ದುಡ್ಡು ಒಂದು, ಗಂಟೆಗೆ ಸುಡುವ ದುಡ್ಡು ಇನ್ನೊಂದು. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ.

ಇದಕ್ಕೆಲ್ಲ ಮೊದಲು ಒಪ್ಪಿಗೆ ಪತ್ರ. ಜಲಾಶಯದಲ್ಲಿ ಮೋಟಾರು ದೋಣಿ ಬಿಡಲು ಆ ನೀರನ್ನು ನೋಡಿಕೊಳ್ಳುವ ನೀರಾವರಿ ನಿಗಮದ ಅನುಮತಿ ಬೇಕು. ಹೇಮಾವತಿ, ಯಗಚಿ ಆದರೆ ಕಾವೇರಿ ನೀರಾವರಿ ನಿಗಮ. ಭದ್ರಾ ಆದರೆ ಕರ್ನಾಟಕ ನೀರಾವರಿ ನಿಗಮ. ಭದ್ರಾ ಹಿನ್ನೀರಿನ ದೊಡ್ಡ ಭಾಗ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿಕೊಂಡಿದೆ. ಅಲ್ಲಿ ಅರಣ್ಯ ಇಲಾಖೆಯ ಮಾತೇ ಮುಖ್ಯ. ಯಂತ್ರ ಹಾಕಿದ ಒಳನಾಡು ದೋಣಿಗಳ ತಪಾಸಣೆ, ನೋಂದಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಜನರನ್ನು ಕೂರಿಸಿಕೊಂಡು ದುಡ್ಡು ಪಡೆಯುವವರು ಇದನ್ನು ಮುಗಿಸಿಯೇ ಮೋಟಾರು ಕೊಳ್ಳಿ. ಮೋಟಾರು ತಂದಿಟ್ಟು ಕಚೇರಿ ಅಲೆಯುವ ಹೊತ್ತಿಗೆ ಒಂದು ಸೀಸನ್ನೇ ಹೋಗುತ್ತದೆ.

ಬಂಕಿನ ಪೆಟ್ರೋಲ್ ಈಗ ಹಳೆಯ ಪೆಟ್ರೋಲ್ ಅಲ್ಲ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಂದಿನ ಆಯ್ಕೆಯೆಲ್ಲ ಇದರ ಮೇಲೆ ನಿಂತಿದೆ.

2025ರ ಹೊತ್ತಿಗೆ ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬಂದಿದೆ. ಇ20 ಅನ್ನುವುದು ಅದನ್ನೇ. ಚಿಕ್ಕ ಔಟ್‌ಬೋರ್ಡ್‌ಗಳ ಕೈಪಿಡಿ ತೆಗೆದು ನೋಡಿ. ಹೆಚ್ಚಿನವುಗಳಲ್ಲಿ ಶೇ 10ರವರೆಗಿನ ಎಥನಾಲ್ ಮಾತ್ರ ಬಳಸಿ ಎಂದಿರುತ್ತದೆ. ಎಥನಾಲ್ ಹಳೆಯ ರಬ್ಬರ್ ಪೈಪನ್ನು ಮೆದುವಾಗಿಸುತ್ತದೆ. ಟ್ಯಾಂಕಿನ ಗೋಡೆಯಲ್ಲಿ ಅಂಟಿದ ಕೊಳೆಯನ್ನು ಬಿಡಿಸಿ ಕಾರ್ಬ್ಯುರೇಟರಿಗೆ ತಂದು ಹಾಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಗಾಳಿಯಲ್ಲಿ ತೇವಕ್ಕೇನು ಕಡಿಮೆ?

ನೀರು ಒಂದು ಮಿತಿ ದಾಟಿದಾಗ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಅಳತೆ ಗೆರೆ ಇರುವ ಗಾಜಿನ ಜಾಡಿಯಲ್ಲಿ 100 ಮಿ.ಲೀ. ಪೆಟ್ರೋಲ್ ಹಾಕಿ. ಅದಕ್ಕೆ 10 ಮಿ.ಲೀ. ನೀರು ಸೇರಿಸಿ, ಮುಚ್ಚಿ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆಯಾಗಿ ನಿಂತ ಪದರ 10ರ ಗೆರೆಯಲ್ಲಿ ಇರುವುದಿಲ್ಲ. 30ರ ಆಸುಪಾಸಿಗೆ ಏರಿರುತ್ತದೆ. ಹೆಚ್ಚಿದ ಆ 20 ಮಿ.ಲೀ. ಪೆಟ್ರೋಲಿನೊಳಗಿದ್ದ ಎಥನಾಲ್. ಮನೆಯ ಹೊರಗೆ, ಬೆಂಕಿಯಿಂದ ದೂರ ಮಾಡಿ. ಆ ಪೆಟ್ರೋಲನ್ನು ಮತ್ತೆ ಯಾವ ಇಂಜಿನ್ನಿಗೂ ಹಾಕಬೇಡಿ.

ಈಗ ಇದೇ ಕೆಲಸ ಟ್ಯಾಂಕಿನೊಳಗೆ ಆಯಿತು ಅಂದುಕೊಳ್ಳಿ. ಇಂಧನ ಎಳೆಯುವ ಕೊಳವೆಯ ಬಾಯಿ ಇರುವುದು ಟ್ಯಾಂಕಿನ ತಳದಲ್ಲಿ. ಇಂಜಿನ್ನು ಮೊದಲು ಕುಡಿಯುವುದೇ ಆ ಕೆಳಗಿನ ಪದರವನ್ನು. ಆಯಿಲ್ ಬೇರೆಯಾಗಿಯೇ ಇರುವ ಫೋರ್ ಸ್ಟ್ರೋಕ್ ಇಂಜಿನ್ನಾದರೆ ಕೆಮ್ಮಿ ನಿಲ್ಲುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಆದರೆ ಸಮಸ್ಯೆ ದೊಡ್ಡದು. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದಿರುತ್ತದೆ, ಕೆಳಗಿನ ಪದರದಲ್ಲಿ ಆಯಿಲ್ಲೇ ಇಲ್ಲ. ಅದನ್ನು ಕುಡಿದು ಓಡಿದರೆ ಪಿಸ್ಟನ್ ಒಣಗಿ ಹಿಡಿದುಕೊಳ್ಳುತ್ತದೆ.

ಅಂಗಡಿಯಲ್ಲಿ ಸಿಗುವ ಫ್ಯುಯೆಲ್ ಸ್ಟೆಬಿಲೈಸರ್ ಪೆಟ್ರೋಲ್ ಹಳಸುವುದನ್ನು ನಿಧಾನ ಮಾಡುತ್ತದೆ. ಒಮ್ಮೆ ಬೇರೆಯಾದ ಪದರವನ್ನು ಮತ್ತೆ ಒಂದು ಮಾಡುವುದಿಲ್ಲ. ಹಾಗಾಗಿ ನನ್ನ ನಿಯಮ ಸರಳ. ಎರಡು ಮೂರು ವಾರದಲ್ಲಿ ಮುಗಿಯುವಷ್ಟೇ ಪೆಟ್ರೋಲ್ ತನ್ನಿ. ಉಳಿದರೆ ಅದಕ್ಕೆ ಬೇರೆ ದಾರಿ ಇರಬೇಕು. ಆ ಬೇರೆ ದಾರಿ ಯಾವುದು ಅನ್ನುವುದೇ ಮೋಟಾರನ್ನು ಅರ್ಧ ನಿರ್ಧರಿಸುತ್ತದೆ.

ಟೂ ಸ್ಟ್ರೋಕ್: ಹಗುರ, ಸರಳ, ಹಸಿವು ಜಾಸ್ತಿ

ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ಬರುವ ಇಂಜಿನ್ನುಗಳಲ್ಲಿ ಹೆಚ್ಚಿನವು ಇವೇ. ಗುಣ ಇಲ್ಲದೆ ಇಷ್ಟು ವರ್ಷ ಉಳಿದಿಲ್ಲ. 8 ಎಚ್‌ಪಿ ಟೂ ಸ್ಟ್ರೋಕ್ ಸುಮಾರು 27 ಕಿಲೋ ತೂಗಿದರೆ, ಅದೇ ಶಕ್ತಿಯ ಫೋರ್ ಸ್ಟ್ರೋಕ್ 38ರಿಂದ 40 ಕಿಲೋ. ಒಳಗೆ ಭಾಗಗಳು ಕಡಿಮೆ. ಹಳೆಯ ಯಮಹಾ ಆರ್‌ಎಕ್ಸ್ 100 ಬೈಕು ಬಿಚ್ಚಿ ಬಲ್ಲ ಮೆಕ್ಯಾನಿಕ್ಕಿಗೆ ಇದರ ಮೇಲ್ಭಾಗ ಹೊಸದಲ್ಲ.

ಆದರೆ ಕುಡಿಯುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಟೂ ಸ್ಟ್ರೋಕಿನಲ್ಲಿ ಕಾಲು ಭಾಗದಷ್ಟು ಇಂಧನ ಉರಿಯದೆಯೇ ಹೊರಗೆ ಹೋಗಬಹುದು. ಹೋಗುವುದು ನೀರಿಗೆ. ಹಿರೇಕೊಳಲೆ ಕೆರೆ ಚಿಕ್ಕಮಗಳೂರಿನ ಕುಡಿಯುವ ನೀರು. ಹೇಮಾವತಿ ಕಾಲುವೆಯಲ್ಲಿ ಹರಿದು ತುಮಕೂರಿನವರ ಮನೆ ಸೇರುತ್ತದೆ. ದೋಣಿಯ ಹಿಂದೆ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪರೆ ತೇಲುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಕುಡಿಯುವ ನೀರಿನ ಕೆರೆಗೆ ಟೂ ಸ್ಟ್ರೋಕ್ ಬೇಡವೇ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆಯಿಲ್ ವಿಷಯದಲ್ಲಿ ತೋಟದವರಿಗೆ ಒಂದು ಎಚ್ಚರಿಕೆ. ಕಳೆ ಕತ್ತರಿಸುವ ಮೆಷಿನ್ನಿಗೆ ತಂದ 2ಟಿ ಆಯಿಲ್ ಮನೆಯಲ್ಲಿ ಇದ್ದೇ ಇರುತ್ತದೆ. ಎರಡೂ ಟೂ ಸ್ಟ್ರೋಕೇ ಅಲ್ವಾ ಎಂದು ಅದನ್ನೇ ಹಾಕುತ್ತಾರೆ. ಅದು ಗಾಳಿಯಿಂದ ತಣಿಯುವ, ತುಂಬ ಬಿಸಿಯಾಗುವ ಇಂಜಿನ್ನಿನ ಆಯಿಲ್. ದೋಣಿಯ ಇಂಜಿನ್ನು ಕೆರೆಯ ತಣ್ಣೀರಿನಿಂದ ತಣಿಯುತ್ತದೆ. ಅದಕ್ಕೆ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂದು ಬರೆದಿರುವ ಆಯಿಲ್ಲೇ ಬೇಕು. ಉಲ್ಟಾ ಕೂಡ ಹಾಗೆಯೇ: ಟಿಸಿ-ಡಬ್ಲ್ಯು3 ಬೆರೆಸಿದ ಪೆಟ್ರೋಲ್ ಉಳಿಯಿತೆಂದು ಕಳೆ ಮೆಷಿನ್ನಿಗೆ ಸುರಿಯಬೇಡಿ. ಅಂದರೆ ಬೆರೆಸಿಟ್ಟ ಪೆಟ್ರೋಲ್ ಉಳಿದರೆ ಅದಕ್ಕೆ ಬೇರೆ ದಾರಿಯೇ ಇಲ್ಲ. ವಾರಕ್ಕೊಮ್ಮೆ ಓಡಿಸುವವರಿಗೆ ಟೂ ಸ್ಟ್ರೋಕ್ ಹೊಂದದಿರುವ ಮುಖ್ಯ ಕಾರಣ ನನಗೆ ಇದೇ.

ದಿನಾ ಬಲೆ ಹಾಕುವವರ ಲೆಕ್ಕ ಬೇರೆ. ಅವರ ಟ್ಯಾಂಕಿನಲ್ಲಿ ಏನೂ ಹಳಸುವುದಿಲ್ಲ. ಹಗುರ ಇಂಜಿನ್ನು, ಕಡಿಮೆ ಬಂಡವಾಳ, ತಾವೇ ಮಾಡಿಕೊಳ್ಳುವ ರಿಪೇರಿ ಅವರಿಗೆ ದೊಡ್ಡ ಲಾಭ.

ಫೋರ್ ಸ್ಟ್ರೋಕ್: ಹೆಚ್ಚಿನ ಮನೆಗಳಿಗೆ ಇದೇ

ಕೊಳ್ಳುವಾಗ ದುಬಾರಿ. ಹೊರುವಾಗ ಭಾರ. ಆದರೆ ಪೆಟ್ರೋಲ್ ಬೆರೆಸುವ ಗೋಜಿಲ್ಲ, ಹೊಗೆ ಕಡಿಮೆ, ಸದ್ದು ಕಡಿಮೆ. 5 ಎಚ್‌ಪಿ ಫೋರ್ ಸ್ಟ್ರೋಕ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಒಂದೂವರೆಯಿಂದ ಎರಡು ಲೀಟರ್ ಸುಡುತ್ತದೆ. ನಿಧಾನಕ್ಕೆ ಹೋದರೆ ಒಂದು ಲೀಟರಿನೊಳಗೆ ಮುಗಿಯುತ್ತದೆ. ಅದೇ ಶಕ್ತಿಯ ಹಳೆಯ ಟೂ ಸ್ಟ್ರೋಕಿಗೆ ಎರಡೂವರೆ ಲೀಟರ್‌ವರೆಗೂ ಬೇಕು, ಆಯಿಲ್ ಬೇರೆ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿರುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಇನ್ನೊಂದು ಗುಣವನ್ನು ಅಂಗಡಿಯವರು ಹೇಳುವುದಿಲ್ಲ, ನಾನು ಮೊದಲು ಹೇಳುವುದು ಅದನ್ನೇ. ಭಾನುವಾರ ಉಳಿದ ಪೆಟ್ರೋಲನ್ನು ಸೋಮವಾರ ಸ್ಕೂಟರಿಗೆ ಹಾಕಿ ಮುಗಿಸಬಹುದು. ಕ್ಯಾನಿನಲ್ಲಿ ಏನೂ ಕೊಳೆಯುವುದಿಲ್ಲ.

ಒಳಗೇ ಟ್ಯಾಂಕು ಇರುವ ಎರಡು ಎರಡೂವರೆ ಎಚ್‌ಪಿಯ ಪುಟ್ಟ ಮೋಟಾರುಗಳೂ ಇವೆ. ಹೊಂಡಾದ ಬಿಎಫ್ 2.3 ಸುಮಾರು 14 ಕಿಲೋ. ಅದು ಗಾಳಿಯಿಂದಲೇ ತಣಿಯುತ್ತದೆ. ನೀರು ಎಳೆಯುವ ಪಂಪೇ ಇಲ್ಲ. ಕಳೆ, ಕೆಸರು ತುಂಬಿದ ತೋಟದ ಕೆರೆಗೆ ಇದು ದೊಡ್ಡ ಅನುಕೂಲ. ಸದ್ದು ಮಾತ್ರ ಸ್ವಲ್ಪ ಜಾಸ್ತಿ.

ಫೋರ್ ಸ್ಟ್ರೋಕ್ ಕೇಳುವ ಶಿಸ್ತು ಎರಡು. ಇಂಜಿನ್ ಆಯಿಲನ್ನು ಮೊದಲ 20 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಬದಲಾಯಿಸಬೇಕು. 100 ಗಂಟೆ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸುವುದನ್ನು ಬಿಡಬೇಡಿ. ಎರಡನೆಯದು, ಸಾಗಿಸುವಾಗ ಕೈಪಿಡಿ ಹೇಳಿದ ಮಗ್ಗುಲಿಗೇ ಮಲಗಿಸಬೇಕು. ಬೇರೆ ಮಗ್ಗುಲಿಗೆ ಜೀಪಿನ ಹಿಂದೆ ಎಸೆದು ತಂದರೆ ಆಯಿಲ್ ಸಿಲಿಂಡರಿನೊಳಗೆ ನುಗ್ಗುತ್ತದೆ.

ಸೀಮೆಎಣ್ಣೆ ಇಂಜಿನ್ನಿನ ಬಗ್ಗೆಯೂ ಕೇಳುತ್ತಾರೆ. ಕರಾವಳಿಯ ನಾಡದೋಣಿಗಳಿಗೆ ಸರ್ಕಾರದ ಸಬ್ಸಿಡಿ ಸೀಮೆಎಣ್ಣೆ ಸಿಗುವುದರಿಂದ ಅಲ್ಲಿ ಅದು ನಡೆಯುತ್ತದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ಬರಬೇಕು. ನಮಗೆ ಆ ಎಣ್ಣೆಯೂ ಇಲ್ಲ, ಅಷ್ಟು ದೂರದ ಓಟವೂ ಇಲ್ಲ. ಬಿಟ್ಟುಬಿಡಿ.

ಉದ್ದ ಬಾಲದ ಮೋಟಾರು

ಪಂಪ್‌ಸೆಟ್ಟು, ವೀಡರ್‌ಗಳಲ್ಲಿ ಬರುವ ಗಾಳಿ ತಣಿಸುವ ಪೆಟ್ರೋಲ್ ಇಂಜಿನ್ನಿಗೇ ಉದ್ದ ಕೋಲಿನಂತೆ ಶಾಫ್ಟ್ ಜೋಡಿಸಿ, ತುದಿಗೆ ಪಂಕ ಕಟ್ಟಿದ್ದು. ಬಿಡಿಭಾಗ ತಾಲೂಕು ಕೇಂದ್ರದಲ್ಲೇ ಸಿಗುತ್ತದೆ. ಮರದ ಬುಡ ಎದುರಾದರೆ ಹಿಡಿ ಒತ್ತಿ ಪಂಕವನ್ನು ನೀರಿನಿಂದ ಮೇಲೆತ್ತಿ ದಾಟಿಸಬಹುದು. ಅಂತರಗಂಗೆಯಲ್ಲೂ ಅಷ್ಟೇ. ಕಡಿಮೆ ದುಡ್ಡಿನಲ್ಲಿ ಬಲೆ ಕೆಲಸಕ್ಕೆ ಇದಕ್ಕಿಂತ ಗಟ್ಟಿ ಯಂತ್ರ ಇಲ್ಲ. ಆದರೆ ಹಿಂದೆ ತೆರೆದ ಪಂಕ ತಿರುಗುತ್ತಿರುತ್ತದೆ, ಹೆಚ್ಚಿನವುಗಳಲ್ಲಿ ರಿವರ್ಸ್ ಇಲ್ಲ, ಸದ್ದಿಗೆ ಕಿವಿ ಗುಂಯ್‌ಗುಡುತ್ತದೆ. ಮಕ್ಕಳು, ಅತಿಥಿಗಳು ಕೂರುವ ದೋಣಿಗೆ ಖಂಡಿತ ಹಾಕಬೇಡಿ.

ಬ್ಯಾಟರಿ ಮೋಟಾರು: ಎಲ್ಲಿಗೆ ಸಾಕು, ಎಲ್ಲಿಗೆ ಸಾಲದು

ತೋಟದ ಕೆರೆ, ಚಿಕ್ಕ ಕೆರೆ, ಹಕ್ಕಿ ನೋಡುವ ದೋಣಿ. ಇವಕ್ಕೆ ನಾನು ಪೆಟ್ರೋಲ್ ಹೇಳುವುದೇ ಇಲ್ಲ. ಬೇಸಿಗೆಯಲ್ಲಿ ಲಕ್ಕವಳ್ಳಿ ಹತ್ತಿರ ಭದ್ರಾ ನೀರು ಇಳಿದಾಗ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆ ಇಡುತ್ತವೆ. ಅಂಥ ಜಾಗದ ಸುತ್ತಮುತ್ತ ಸದ್ದಿಲ್ಲದ ಮೋಟಾರೇ ಸರಿ.

ಈಗ ಲೆಕ್ಕ. 12 ವೋಲ್ಟಿನ, 55 ಪೌಂಡ್ ತಳ್ಳುವ ಟ್ರೋಲಿಂಗ್ ಮೋಟಾರು ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ಎರಡು ಗಂಟೆ. ಅರ್ಧ ವೇಗದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಅದೇ ಅಳತೆಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಮಾತ್ರ ಖಾಲಿ ಮಾಡಬೇಕು, ಇಲ್ಲದಿದ್ದರೆ ಬೇಗ ಸಾಯುತ್ತದೆ. ಅಂದರೆ ಒಂದೇ ಗಂಟೆ. ತೂಕವೂ ಎರಡು ಪಟ್ಟು ಮೀರುತ್ತದೆ. ಇನ್ವರ್ಟರಿನ ಹಳೆ ಬ್ಯಾಟರಿ ಇದೆ, ಅದನ್ನೇ ಹಾಕೋಣ ಅನ್ನುವವರು ಈ ಲೆಕ್ಕ ನೋಡಿ.

ಒಮ್ಮೆ ಪೂರ್ತಿ ಚಾರ್ಜ್ ಮಾಡಲು ಒಂದೂವರೆ ಯೂನಿಟ್ ಕರೆಂಟ್ ಸಾಕು. ಒಂದು ಗಂಟೆಯ ಪೆಟ್ರೋಲ್ ದುಡ್ಡಿನಲ್ಲಿ ಹಲವು ಸಲ ಚಾರ್ಜ್ ಆಗುತ್ತದೆ. ಹಸಿವು ಕಡಿಮೆ, ಆದರೆ ಬಂಡವಾಳದ ದೊಡ್ಡ ಪಾಲು ಬ್ಯಾಟರಿಗೇ ಹೋಗುತ್ತದೆ.

ತಳ್ಳುವ ಬಲ ಎಷ್ಟು ಬೇಕು? ಪ್ರತಿ 45 ಕಿಲೋಗೆ 2 ಪೌಂಡ್ ಅನ್ನುವುದು ರೂಢಿಯ ಲೆಕ್ಕ. ದೋಣಿ, ನಾಲ್ಕು ಜನ, ಬ್ಯಾಟರಿ ಸೇರಿ 480 ಕಿಲೋ ಆದರೆ 21 ಪೌಂಡ್. ಇದು ಗಾಳಿಯಿಲ್ಲದ ನೀರಿಗೆ. ಗಾಳಿಗೆ ಎರಡು ಪಟ್ಟು ಇಟ್ಟುಕೊಳ್ಳಿ. ತೋಟದ ಕೆರೆಗೆ 55 ಪೌಂಡ್ ಧಾರಾಳ. ಗೊರೂರಿನ ತೆರೆದ ಹಿನ್ನೀರಿನಲ್ಲಿ ಎಂಟು ಜನರನ್ನು ಕೂರಿಸಿಕೊಂಡು ಎದುರುಗಾಳಿಯಲ್ಲಿ ವಾಪಸ್ ಬರಲು ಇದು ಸಾಲದು. 1 ಕಿಲೋವ್ಯಾಟ್, ಅದಕ್ಕೂ ಮೇಲಿನ ಎಲೆಕ್ಟ್ರಿಕ್ ಔಟ್‌ಬೋರ್ಡ್‌ಗಳೂ ಬಂದಿವೆ. ಚೆನ್ನಾಗಿವೆ, ಆದರೆ ಬೆಲೆ ಒಳ್ಳೆಯ ಫೋರ್ ಸ್ಟ್ರೋಕನ್ನೂ ಮೀರುತ್ತದೆ.

ಮಳೆಗಾಲದಲ್ಲಿ ಬ್ಯಾಟರಿಯನ್ನು ಶೆಡ್ಡಿನಲ್ಲಿ ಬಿಡಬೇಡಿ. ಲಿಥಿಯಂ ಆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಚಾರ್ಜ್ ಮಾಡಿ ಮನೆಯೊಳಗೆ ಒಣ ಜಾಗದಲ್ಲಿ ಇಡಿ. ಲೆಡ್ ಆಸಿಡ್ ಆದರೆ ಪೂರ್ತಿ ಚಾರ್ಜ್ ಮಾಡಿ, ತಿಂಗಳಿಗೊಮ್ಮೆ ಮತ್ತೆ ಹಾಕಿ. ನಾಲ್ಕು ತಿಂಗಳು ಸುಮ್ನೆ ನಿಂತರೂ ಸರಿಯಾಗಿ ಎದ್ದು ಬರುವ ಒಂದೇ ಮೋಟಾರು ಇದು.

ಎಚ್‌ಪಿ ಎಷ್ಟು?

ನೀರನ್ನು ಸೀಳಿ ಸಾಗುವ ಸಾಮಾನ್ಯ ದೋಣಿಗೆ ಉದ್ದಕ್ಕೆ ತಕ್ಕ ವೇಗದ ಮಿತಿ ಇದೆ. ನೀರಿಗೆ ತಾಗುವ ಉದ್ದ 4 ಮೀಟರ್ ಆದರೆ ಆ ಮಿತಿ ಗಂಟೆಗೆ ಸುಮಾರು 9 ಕಿಲೋಮೀಟರ್. ಅದನ್ನು ಮೂರರಿಂದ ಐದು ಎಚ್‌ಪಿ ಮುಟ್ಟಿಸುತ್ತದೆ. ಅದೇ ದೋಣಿಗೆ 10 ಎಚ್‌ಪಿ ಕಟ್ಟಿದರೆ ವೇಗ ಹೆಚ್ಚುವುದಿಲ್ಲ. ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ, ಪೆಟ್ರೋಲ್ ಮುಗಿಯುತ್ತದೆ. ಚಪ್ಪಟೆ ತಳದ, ನೀರಿನ ಮೇಲೆ ಏರಿ ಜಾರುವ ಫೈಬರ್ ದೋಣಿಗೆ ಮಾತ್ರ ಹೆಚ್ಚಿನ ಎಚ್‌ಪಿಗೆ ಅರ್ಥ ಇದೆ. ತೆಪ್ಪಕ್ಕೆ ಮೋಟಾರು ಕಟ್ಟುವ ಯೋಚನೆ ಬಿಡಿ. ಅದರ ದುಂಡು ಮೈಗೆ ಹಿಂದೆ ಮುಂದೆ ಎಂಬುದೇ ಇಲ್ಲ.

ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಪ್ರತಿ 300 ಮೀಟರಿಗೆ ಪೆಟ್ರೋಲ್ ಇಂಜಿನ್ನು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹೇಮಾವತಿ ಜಲಾಶಯ ತುಂಬಿದಾಗ ಅದರ ಮಟ್ಟ ಸಮುದ್ರಕ್ಕಿಂತ 2,922 ಅಡಿ, ಅಂದರೆ 890 ಮೀಟರ್ ಮೇಲೆ. ಹತ್ತಿರಹತ್ತಿರ ಹತ್ತನೇ ಒಂದು ಭಾಗ ಅಲ್ಲೇ ಹೋಯಿತು. ಮಲ್ಪೆಯಲ್ಲಿ ಓಡಿಸಿ ನೋಡಿ ತಂದ ಮೋಟಾರು ಇಲ್ಲಿ ಸ್ವಲ್ಪ ಸೋತಂತೆ ಕಂಡರೆ ಗಾಬರಿ ಬೇಡ. ಬ್ಯಾಟರಿ ಮೋಟಾರಿಗೆ ಈ ನಷ್ಟ ಇಲ್ಲ.

ಶಾಫ್ಟ್ ಉದ್ದ ಅಳೆಯದೆ ಮುಂಗಡ ಕೊಡಬೇಡಿ. ದೋಣಿಯ ಹಿಂಭಾಗದ ಹಲಗೆಯ ಮೇಲ್ತುದಿಯಿಂದ ತಳದವರೆಗೆ ಟೇಪು ಹಿಡಿಯಿರಿ. 15 ಇಂಚಾದರೆ ಶಾರ್ಟ್, 20 ಇಂಚಾದರೆ ಲಾಂಗ್. ಪಂಕದ ಮೇಲಿನ ಚಪ್ಪಟೆ ತಟ್ಟೆ ದೋಣಿಯ ತಳಕ್ಕೆ ಸಮವಾಗಿ, ಹೆಚ್ಚೆಂದರೆ ಒಂದು ಇಂಚು ಕೆಳಗೆ ಇರಬೇಕು.

ಯಾರಿಗೆ ಯಾವುದು

ತೋಟದ ಕೆರೆ, ಮನೆಮಂದಿ, ತಿಂಗಳಿಗೆರಡು ಸಲ: 45ರಿಂದ 55 ಪೌಂಡಿನ ಬ್ಯಾಟರಿ ಮೋಟಾರು. ಬಜೆಟ್ ಬಿಗಿ ಇದ್ದರೆ ಲೆಡ್ ಆಸಿಡ್‌ನಲ್ಲಿ ಶುರು ಮಾಡಿ, ಮೋಟಾರು ಅದೇ ಇರಲಿ, ಬ್ಯಾಟರಿ ಆಮೇಲೆ ಬದಲಾಯಿಸಿ.

ಗೊರೂರು ಹಿನ್ನೀರು, ಅತಿಥಿಗಳನ್ನು ಶೆಟ್ಟಿಹಳ್ಳಿ ಚರ್ಚಿನ ಕಡೆ ಸುತ್ತಾಡಿಸುವ ಕೆಲಸ, ಅನುಮತಿ ಕೈಯಲ್ಲಿದೆ: ಫೋರ್ ಸ್ಟ್ರೋಕ್. ಆರು ಜನದ ಸಾಮಾನ್ಯ ದೋಣಿಗೆ 5 ಅಥವಾ 6 ಎಚ್‌ಪಿ, ಅದಕ್ಕಿಂತ ದೊಡ್ಡದಾದರೆ 8ರಿಂದ 10. ಸೆಕೆಂಡ್ ಹ್ಯಾಂಡ್ ಆದರೂ ಫೋರ್ ಸ್ಟ್ರೋಕನ್ನೇ ಹುಡುಕಿ. ಜೊತೆಗೆ ಒಂದು ಜೊತೆ ಹುಟ್ಟು, ತಲೆಗೊಂದು ಲೈಫ್ ಜಾಕೆಟ್ ದೋಣಿಯಲ್ಲೇ ಇರಲಿ.

ಯಗಚಿ, ಹೇಮಾವತಿಯಲ್ಲಿ ದಿನಾ ಬಲೆ: ದುಡ್ಡು ಕಡಿಮೆ ಇದ್ದರೆ ಉದ್ದ ಬಾಲದ್ದು. ದೂರ ಹೋಗಬೇಕಿದ್ದರೆ, ಹೇಮಾವತಿಯೂ ಕುಡಿಯುವ ನೀರೇ ಆದ್ದರಿಂದ ಬೇಸರದಿಂದಲೇ ಹೇಳುತ್ತೇನೆ, ಸದ್ಯಕ್ಕೆ ಒಳ್ಳೆಯ ಸ್ಥಿತಿಯ ಟೂ ಸ್ಟ್ರೋಕ್. ಎರಡು ಸೀಸನ್ ದುಡಿದ ಮೇಲೆ ಫೋರ್ ಸ್ಟ್ರೋಕಿಗೆ ಬನ್ನಿ. ದಿನದ ಪೆಟ್ರೋಲ್ ಉಳಿತಾಯವೇ ಕಂತಿನ ಒಂದು ಪಾಲು ಕಟ್ಟುತ್ತದೆ.

ತುಂಬಿಸುವುದು, ಓಡಿಸುವುದು

ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ ಒಟ್ಟು 30 ಲೀಟರ್, ಒಂದು ಕ್ಯಾನು 25 ಲೀಟರ್ ಮೀರುವಂತಿಲ್ಲ. ಕೆಲವು ಬಂಕಿನವರು ಕ್ಯಾನಿಗೆ ಹಾಕಲು ಒಪ್ಪುವುದಿಲ್ಲ. ಮೊದಲೇ ಮಾತಾಡಿಟ್ಟುಕೊಳ್ಳಿ. ನೀರಿನ ಬಾಟಲಿಯಲ್ಲಿ ತರುವುದು ಬೇಡ.

ಟ್ಯಾಂಕನ್ನು ದೋಣಿಯಿಂದ ಇಳಿಸಿ, ನೆಲದ ಮೇಲಿಟ್ಟು ತುಂಬಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯೊಳಗೆ ಚೆಲ್ಲಿದರೆ ಅದು ತಳದಲ್ಲೇ ಕೂತು ಕಿಡಿಗೆ ಕಾಯುತ್ತದೆ. ಇಂಜಿನ್ನೊಳಗೇ ಟ್ಯಾಂಕು ಇದ್ದರೆ ಆರಿಸಿ, ತಣ್ಣಗಾದ ಮೇಲೆ ಹಾಕಿ. ಬಾಯಿಯವರೆಗೆ ತುಂಬಬೇಡಿ. ಬಿಸಿಲಿಗೆ ಹಿಗ್ಗಲು ಹತ್ತರಲ್ಲೊಂದು ಭಾಗ ಜಾಗ ಬಿಡಿ.

ಟೂ ಸ್ಟ್ರೋಕಿಗೆ ಬೆರೆಸುವಾಗ ಕೈಪಿಡಿಯ ಅನುಪಾತವೇ ಪ್ರಮಾಣ. 50ಕ್ಕೆ 1 ಅಂದರೆ ಲೀಟರಿಗೆ 20 ಮಿ.ಲೀ., ಹತ್ತು ಲೀಟರಿಗೆ 200. ಹೊಸ ಇಂಜಿನ್ನಿಗೆ ಮೊದಲ ಹತ್ತು ಗಂಟೆ ಸಾಮಾನ್ಯವಾಗಿ 25ಕ್ಕೆ 1, ಅಂದರೆ ಲೀಟರಿಗೆ 40. ಅರ್ಧ ಪೆಟ್ರೋಲ್ ಹಾಕಿ, ಆಯಿಲ್ ಸುರಿದು, ಮುಚ್ಚಿ ಅಲ್ಲಾಡಿಸಿ, ಆಮೇಲೆ ಉಳಿದ ಪೆಟ್ರೋಲ್. ಅಂದಾಜಿನಲ್ಲಿ ಸುರಿಯಬೇಡಿ. ಜಾಸ್ತಿಯಾದರೆ ಪ್ಲಗ್ಗು ಕಪ್ಪಾಗುತ್ತದೆ, ಕಡಿಮೆಯಾದರೆ ಇಂಜಿನ್ನೇ ಹೋಗುತ್ತದೆ.

ಹೊರಡುವ ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೆಯಿರಿ. ಹತ್ತು ನಿಮಿಷ ಓಡಿ ನಡು ನೀರಿನಲ್ಲಿ ನಿಂತುಬಿಡುವ ಎಷ್ಟೋ ಮೋಟಾರುಗಳ ಕಾಯಿಲೆ ಈ ಸ್ಕ್ರೂ ಒಂದೇ. ಇಂಧನದ ಪೈಪಿನಲ್ಲಿರುವ ರಬ್ಬರ್ ಬಲ್ಬನ್ನು ಗಟ್ಟಿಯಾಗುವವರೆಗೆ ಒತ್ತಿ. ಗೇರು ನ್ಯೂಟ್ರಲ್, ಚೋಕು ಎಳೆದು, ಇಂಜಿನ್ನು ಆರಿಸುವ ಕಿಲ್ ಸ್ವಿಚ್ಚಿನ ದಾರ ಮಣಿಕಟ್ಟಿಗೆ ಸಿಕ್ಕಿಸಿ, ಆಮೇಲೆ ಸ್ಟಾರ್ಟ್ ಹಗ್ಗ ಎಳೆಯಿರಿ.

ಎದ್ದ ಕೂಡಲೇ ಹಿಂದೆ ಬಾಗಿ ನೋಡಿ. ನೀರಿನಿಂದ ತಣಿಯುವ ಇಂಜಿನ್ನಿನ ಪಕ್ಕದ ಚಿಕ್ಕ ತೂತಿನಿಂದ ನೀರಿನ ಧಾರೆ ಬೀಳಬೇಕು. ಧಾರೆ ಸಣ್ಣಗಾದರೆ, ನಿಂತರೆ, ತಕ್ಷಣ ಆರಿಸಿ. ಕೆಳಗಿನ ಜಾಲರಿಗೆ ಕಳೆ ಮೆತ್ತಿಕೊಂಡಿರುತ್ತದೆ, ಇಲ್ಲವೇ ಇಂಪೆಲ್ಲರ್ ಸವೆದಿರುತ್ತದೆ. ಆ ಇಂಪೆಲ್ಲರ್ ರಬ್ಬರಿನದು. ನೀರಿಲ್ಲದೆ ಅಂಗಳದಲ್ಲಿ ಸ್ವಲ್ಪ ಹೊತ್ತು ಓಡಿಸಿದರೂ ಸುಟ್ಟುಹೋಗುತ್ತದೆ. ಪರೀಕ್ಷೆಗೆ ಡ್ರಮ್ಮಿನಲ್ಲಿ ನೀರು ತುಂಬಿ, ಅದರೊಳಗೆ ಇಳಿಸಿ.

ಮರದ ಬುಡಗಳಿರುವ ಕಡೆ ಮೋಟಾರು ಮೇಲೇಳದಂತೆ ಹಿಡಿಯುವ ಟಿಲ್ಟ್ ಲಾಕ್ ತೆಗೆದಿಡಿ. ಆಗ ಬುಡಕ್ಕೆ ಬಡಿದರೆ ಮೋಟಾರಿನ ಕಾಲು ಮೇಲೆ ಹಾರಿ ಬಚಾವಾಗುತ್ತದೆ. ಚಿಕ್ಕ ಮೋಟಾರುಗಳ ಪಂಕದಲ್ಲಿ ಒಂದು ಶಿಯರ್ ಪಿನ್ ಇರುತ್ತದೆ. ಗೇರ್ ಉಳಿಸಲು ಅದು ತಾನು ಮುರಿಯುತ್ತದೆ. ಎರಡು ಪಿನ್ನು, ಒಂದು ಇಕ್ಕಳ, ಒಂದು ಹೊಸ ಪ್ಲಗ್ಗು ಡಬ್ಬಿಯಲ್ಲಿ ಇರಲಿ. ಇಂಧನದಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದದ್ದು ಎದುರುಗಾಳಿ ಎದ್ದರೆ ಇರಲಿ ಎಂದು.

ಮೇ ಕೊನೆಯಲ್ಲಿ ಒಂದು ಸಂಜೆ ಇದಕ್ಕೆಂದೇ ಇಡಿ. ಇಂಧನದ ಪೈಪು ತೆಗೆದು, ಡ್ರಮ್ಮಿನಲ್ಲಿ ಓಡಿಸಿ, ತಾನಾಗಿ ನಿಲ್ಲಲು ಬಿಡಿ. ಕಾರ್ಬ್ಯುರೇಟರಿನ ಬಟ್ಟಲ ಕೆಳಗಿನ ಸ್ಕ್ರೂ ಬಿಚ್ಚಿ ಉಳಿದ ಹನಿಯನ್ನೂ ಇಳಿಸಿ. ಪಂಕ ಕಳಚಿ ನೋಡಿ. ಶಾಫ್ಟಿಗೆ ನೈಲಾನ್ ಬಲೆಯ ಎಳೆ ಸುತ್ತಿದ್ದರೆ ಬ್ಲೇಡಿನಿಂದ ಕೊಯ್ದು ತೆಗೆಯಿರಿ, ಅದು ಸೀಲನ್ನು ಕೊರೆಯುತ್ತದೆ. ಕೊನೆಗೆ ಗೇರ್‌ಬಾಕ್ಸಿನ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ, ಬೆರಳ ಮೇಲೆ ಒಂದು ಹನಿ ಆಯಿಲ್ ಹಿಡಿಯಿರಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ. ಸೀಲು ಬದಲಾಯಿಸದೆ ಮಳೆಗಾಲ ಕಳೆಯಬೇಡಿ.

ಸೆಕೆಂಡ್ ಹ್ಯಾಂಡ್ ಮೋಟಾರು ನೋಡಲು ಹೋದಾಗಲೂ ಮೊದಲು ಈ ಹನಿಯನ್ನೇ ನೋಡಿ. ಆಮೇಲೆ ಟ್ಯಾಂಕಿನ ವಾಸನೆ. ವಾರ್ನಿಷ್‌ನಂತೆ ಹುಳಿ ವಾಸನೆ ಬಂದರೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವ ಖರ್ಚು, ಹೊಸ ಇಂಧನ ಪೈಪಿನ ಖರ್ಚು ಎರಡನ್ನೂ ಹೇಳಿದ ಬೆಲೆಯಿಂದ ಕಳೆದು ಮಾತಾಡಿ. ಇಂಜಿನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ತೋರಿಸಲು ಹೇಳಿ. ನೀವು ಹೋಗುವ ಹೊತ್ತಿಗೆ ಅದು ಆಗಲೇ ಬಿಸಿಯಾಗಿದ್ದರೆ, ಒಂದು ಟೀ ಕುಡಿದು, ತಣ್ಣಗಾಗುವವರೆಗೆ ಕಾಯಿರಿ.